ಗುಂಗುರು ಕೂದಲನ್ನು ಕುರಿತ ಸಂದೇಹಗಳು: ಒಂದು ವಿವೇಚನೆ

ಚರಿತ್ರೆಯ ಅಧ್ಯಾಪಕರು ತಲೆಗೂದಲನ್ನು ಕುರಿತು ಬರೆಯಹೊರಡುವುದು ಈ ಸಂಚಿಕೆಯ ವಾಚಕರಲ್ಲಿ ಕೆಲವರಿಗೆ ವಿನೋದವಾಗಿ ತೋರಿದರೆ ಆಶ್ಚರ್ಯವಿಲ್ಲ. ಶಾಸನ, ನಾಣ್ಯ, ಕೋಟೆಕೊತ್ತಲಗಳನ್ನು ಬಿಟ್ಟು ಹಣಿಗೆ ಎಣ್ಣೆಗಳ ವಿಚಾರಕ್ಕೆ ನಾವು ಬಂದುದು ನಮ್ಮಿಂದಲೇ ಆದ ಒಂದು ತಪ್ಪಿನ ಕಾರಣದಿಂದ. ಅದನ್ನು ಮೊದಲು ಹೇಳಿಬಿಡುವುದು ನ್ಯಾಯ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಊರುಗಳ ಕಡೆಯ ಕಾಲೇಜುಗಳಲ್ಲಿ ನಾವು ಪಾಠ ಹೇಳುತ್ತ ಬಂದಿದ್ದೇವೆ. ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಗೆ ಉತ್ತರ ಕನ್ನಡದ ಸಿದ್ದಿ ಜನಾಂಗದ ಹುಡುಗಿಯೊಬ್ಬಳು ಸೇರಿದಳು. ಅವಳ ಅಣ್ಣನಿಗೆ ಬಿಡದಿಯ ಕಡೆ ಕಾರ್ಖಾನೆಯೊಂದರಲ್ಲಿ ಕೆಲಸವಿತ್ತು. ಮೊದಲ ವಾರದಲ್ಲಿಯೇ ನಾವು ಅವಳಿಗೆ, ತರಗತಿಯೆಲ್ಲ ಕೇಳುವಂತೆ, “ನಾಳೆಯಿಂದ ತಲೆ ಬಾಚಿಕೊಂಡು ಬಾಮ್ಮ” ಎಂದೆವು. “ಬಾಚಿಕೊಂಡೇ ಬಂದಿದ್ದೇನೆ, ಸರ್” ಎಂದಳು. ತರಗತಿ ನಕ್ಕಿತು. ಮರುದಿನದಿಂದ ಅವಳು ತಲೆಯ ಮೇಲೆ ವೇಲನ್ನು ಎಳೆದುಕೊಂಡು ಬರತೊಡಗಿದಳು. ಒಂದು ತಿಂಗಳ ಮೇಲೆ ಕೂದಲನ್ನು ಕಾದ ಇಕ್ಕಳದಿಂದ ನೇರ ಮಾಡಿಸಿಕೊಂಡು ಬಂದಾಗ ಅವಳ ಹಣೆಯಂಚಿನಲ್ಲಿ ಸುಟ್ಟ ಗುರುತಿತ್ತು. ಅವಳು ಅಂದು ಕೊಟ್ಟ ಉತ್ತರ ಅಕ್ಷರಶಃ ಸತ್ಯವಾಗಿತ್ತೆಂಬುದನ್ನು ತಿಳಿಯಲು ನಮಗೆ ಬಹುಕಾಲ ಹಿಡಿಯಿತು.

ಸಿದ್ದಿ ವಿದ್ಯಾರ್ಥಿಗಳು ನಮ್ಮ ಭಾಗದಲ್ಲಿ ವಿರಳ. ಆದರೆ ಗುಂಗುರು ಕೂದಲಿನ ಮಕ್ಕಳು ಇಲ್ಲಿನ ಪ್ರತಿಯೊಂದು ತರಗತಿಯಲ್ಲಿಯೂ ಇದ್ದಾರೆ, ಮತ್ತು ಅವರ ಸಂದೇಹಗಳು ಹೆಚ್ಚು ಕಡಮೆ ಒಂದೇ ಬಗೆಯವು. ಈ ಕೂದಲು ಎಷ್ಟು ಬಾಚಿದರೂ ಕೆದರಿದಂತೆಯೇ ಕಾಣುತ್ತದೆ, ಶುಚಿಯಾಗಿರುವುದಿಲ್ಲ, ಉದ್ದ ಬೆಳೆಯುವುದಿಲ್ಲ, ಸಂದರ್ಶನಕ್ಕೆ ಹೋದರೆ ಕೆಲಸ ಸಿಕ್ಕುವುದಿಲ್ಲ, ಹೆಣ್ಣುಮಕ್ಕಳಾದರೆ ನೋಡಲು ಬಂದವರು ಒಪ್ಪುವುದಿಲ್ಲ. ಇವುಗಳಲ್ಲಿ ಕೆಲವಕ್ಕೆ ಶರೀರವಿಜ್ಞಾನದಲ್ಲಿ ಉತ್ತರವಿದೆ. ಉಳಿದವಕ್ಕೆ ಉತ್ತರ ಹುಡುಕಬೇಕಾದುದು ಚರಿತ್ರೆಯಲ್ಲಿ.

ಮೊದಲನೆಯ ಸಂದೇಹವನ್ನೇ ತೆಗೆದುಕೊಳ್ಳೋಣ. ಕೂದಲು ಚರ್ಮದೊಳಗಿನ ಒಂದು ಸಣ್ಣ ಕುಳಿಯಿಂದ ಹುಟ್ಟುತ್ತದೆ. ಆ ಕುಳಿ ನೆಟ್ಟಗಿದ್ದು ಕೂದಲಿನ ಎಳೆ ಗುಂಡಾಗಿದ್ದರೆ ಕೂದಲು ನೇರವಾಗಿ ಬೆಳೆಯುತ್ತದೆ. ಕುಳಿ ಬಾಗಿದ್ದು ಎಳೆ ಚಪ್ಪಟೆಯಾಗಿದ್ದರೆ ಸುರುಳಿ ಸುತ್ತುತ್ತದೆ. ಎರಡರಲ್ಲಿಯೂ ಇರುವುದು ಕೆರಾಟಿನ್ ಎಂಬ ಒಂದೇ ಪ್ರೋಟೀನು. ಸುರುಳಿಗೂದಲು ಒಣಗಿರುವಾಗ ಸಣ್ಣ ಹಲ್ಲಿನ ಹಣಿಗೆಯಿಂದ ಬಾಚಿದರೆ, ಒಂದಕ್ಕೊಂದು ಹೊಂದಿಕೊಂಡಿದ್ದ ಸುರುಳಿಗಳು ಬಿಡಿಬಿಡಿಯಾಗಿ ಕೂದಲು ಅರಳಿ ನಿಲ್ಲುತ್ತದೆ. ಎಂದರೆ, ನೇರಗೂದಲಿನವರ ರೀತಿಯಲ್ಲಿ ಹೆಚ್ಚು ಬಾಚಿದಷ್ಟೂ ಅದು ನಮ್ಮ ಕಣ್ಣಿಗೆ ಬಾಚದಂತೆಯೇ ಕಾಣುತ್ತದೆ! ಆ ಹುಡುಗಿ ಬೆಳಗ್ಗೆ ಅರ್ಧ ಗಂಟೆ ಬಾಚಿಕೊಂಡೇ ಬಂದಿದ್ದಿರಬೇಕು. ‘ಬಾಚಿದ ತಲೆ’ ಎಂಬ ಮಾತಿಗೆ ನಾವು ಕೊಟ್ಟುಕೊಂಡಿದ್ದ ಅರ್ಥವೇ ನೇರಗೂದಲಿನಿಂದ ಬಂದದ್ದು. ಚನ್ನಪಟ್ಟಣದ ಅರಗಿನ ಗೊಂಬೆಗಳ ತಲೆ ತಿರುಗಣೆಯ ಮೇಲೆ ನುಣ್ಣಗೆ ಉರುಳಿ ಬರುವುದರಿಂದ ಅವಕ್ಕೆ ಗುಂಗುರು ಕೂದಲು ಬರುವಂತಿಲ್ಲ. ನಮ್ಮ ಮಕ್ಕಳಿಗೂ ಅದೇ ತಿರುಗಣೆಯ ನಿಯಮವನ್ನು ನಾವು ಹೇರಿದ್ದೆವೆಂದು ಕಾಣುತ್ತದೆ.

ಶುಚಿಯ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ನೆತ್ತಿಯಲ್ಲಿ ಹುಟ್ಟುವ ಸಹಜವಾದ ಜಿಡ್ಡು ನೇರಗೂದಲಿನ ಉದ್ದಕ್ಕೂ ಸುಲಭವಾಗಿ ಇಳಿಯುತ್ತದೆ. ಸುರುಳಿಯಲ್ಲಿ ಇಳಿಯುವುದು ಕಷ್ಟ. ಆದುದರಿಂದ ಗುಂಗುರು ಕೂದಲು ಕೊಳಕಾಗಿರುವುದಕ್ಕಿಂತ ಒಣಗಿರುವುದೇ ಹೆಚ್ಚು. ಬೆಳವಣಿಗೆಯ ಮಾತೂ ಹೀಗೆಯೇ. ಆಫ್ರಿಕ ಮೂಲದವರ ಕೂದಲು ತಿಂಗಳಿಗೆ ಬೆಳೆಯುವ ಪ್ರಮಾಣ ಸ್ವಲ್ಪ ಕಡಮೆಯೆಂಬುದು ನಿಜವಾದರೂ ಬೆಳೆಯುವುದಂತೂ ಬೆಳೆಯುತ್ತದೆ. ಬೆಳೆದುದು ಸುರುಳಿಯೊಳಗೆ ಅಡಗಿರುತ್ತದೆ, ತಿರುವುಗಳಲ್ಲಿ ಒಣಗಿ ಮುರಿಯುತ್ತದೆ. ಇದು ಪ್ರಕೃತಿಯ ಕುಂದೆಂದು ಭಾವಿಸುವವರು 2023ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಗಮನಿಸಬೇಕು. ಅದರಲ್ಲಿ ಶಾಖವನ್ನು ಅಳೆಯುವ ಬೊಂಬೆಯೊಂದರ ತಲೆಗೆ ನೇರ, ಅರೆಗುಂಗುರು, ದಟ್ಟಗುಂಗುರು ಕೂದಲಿನ ಟೋಪಿಗಳನ್ನು ತೊಡಿಸಿ ಬಿಸಿಲಿನಂತಹ ಬೆಳಕನ್ನು ಹಾಯಿಸಲಾಯಿತು. ನೆತ್ತಿಯನ್ನು ಬಿಸಿಲಿನಿಂದ ಎಲ್ಲಕ್ಕಿಂತ ಚೆನ್ನಾಗಿ ಕಾಪಾಡಿದುದು ದಟ್ಟಗುಂಗುರು.

ಹೀಗಿರುವಾಗ ಈ ಕೂದಲಿನ ಮೇಲೆ ಅಪನಂಬಿಕೆ ಎಲ್ಲಿಂದ ಬಂದಿತು? ಅದು ನಮ್ಮ ನಾಡಿನ ಹಳೆಯ ರುಚಿಯಾಗಿತ್ತೆಂದು ಹೇಳಲು ಆಧಾರವಿಲ್ಲ. ಕುರುಳು, ಅಲಕ ಎಂಬ ಮಾತುಗಳು ಸುರುಳಿಗೂದಲನ್ನೇ ಹೇಳುತ್ತವೆ. ಅವನ್ನು ನಮ್ಮ ಕವಿಗಳು ಬಳಸಿರುವುದು ಹೊಗಳಿಕೆಗಾಗಿ. ಗಂಗರ ಮಂತ್ರಿಯಾದ ಚಾವುಂಡರಾಯನು ಕ್ರಿ.ಶ. 981ರ ಸುಮಾರಿಗೆ ಶ್ರವಣಬೆಳಗೊಳದಲ್ಲಿ ಮಾಡಿಸಿದ 58 ಅಡಿಯ ಗೊಮ್ಮಟನ ತಲೆಯನ್ನು ನೋಡಿ: ಒಂದೊಂದೂ ಬಿಡಿಯಾಗಿ ಕಡೆದ ಸುರುಳಿಗಳು. ಆ ಗಂಗರ ರಾಜನಿವಾಸ ಒಂದು ಕಾಲಕ್ಕೆ ಚನ್ನಪಟ್ಟಣದ ಬಳಿಯ ಮಂಕುಂದದಲ್ಲಿತ್ತೆಂಬುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಇಂತಹ ಶಿಲ್ಪಗಳ ಕೂದಲನ್ನು ಕಂಡು ಹಿಂದಿನ ಕೆಲವು ಯೂರೋಪಿಯನ್ ಲೇಖಕರು ಆಫ್ರಿಕದ ಸಂಬಂಧವನ್ನು ಊಹಿಸಿದ್ದುಂಟು. ಅದು ನಿಲ್ಲತಕ್ಕ ವಾದವಲ್ಲ. ಈ ಸುರುಳಿಗಳು ಮಹಾಪುರುಷ ಲಕ್ಷಣದ ಶಿಲ್ಪ ಸಂಪ್ರದಾಯಕ್ಕೆ ಸೇರಿದವು. ನಮಗೆ ಇಲ್ಲಿ ಬೇಕಾದುದು ಇಷ್ಟೇ: ಅತ್ಯಂತ ಪೂಜ್ಯವಾದ ರೂಪವನ್ನು ಕಲ್ಪಿಸಬೇಕಾದಾಗ ಶಿಲ್ಪಿಗೆ ಗುಂಗುರು ಅಡ್ಡಿಯಾಗಲಿಲ್ಲ.

ಆಫ್ರಿಕದಿಂದ ಬಂದ ಜನರ ವಿಷಯ ಬೇರೆ. ಹಬ್ಷಿಗಳೆಂದು, ಸಿದ್ದಿಗಳೆಂದು ಹೆಸರಾದ ಇವರಲ್ಲಿ ಅನೇಕರು ಗುಲಾಮರಾಗಿ ಬಂದರೂ ದಖ್ಖನಿನ ಸುಲ್ತಾನರ ಕಾಲದಲ್ಲಿ ಸೇನಾನಿಗಳೂ ಮಂತ್ರಿಗಳೂ ಆದರು. ಅಹಮದ್‌ನಗರವನ್ನು ಆಳಿಸಿದ ಮಲಿಕ್ ಅಂಬರ್ 1626ರಲ್ಲಿ ತೀರಿಕೊಂಡನು. ಮಹಮ್ಮದ್ ಆದಿಲ್ ಶಾಹನ ಆಳ್ವಿಕೆಯಲ್ಲಿ (1627–1656) ಬಿಜಾಪುರದಲ್ಲಿ ಇಖ್ಲಾಸ್ ಖಾನನೆಂಬ ಹಬ್ಷಿ ಬಹಳ ಪ್ರಬಲನಾಗಿದ್ದನು. 1638ರಲ್ಲಿ ರಣದುಲ್ಲಾ ಖಾನನ ಸೇನೆಯನ್ನು ಬೆಂಗಳೂರಿಗೆ ಕಳುಹಿಸಿ ಕೆಂಪೇಗೌಡನನ್ನು ಮಾಗಡಿಗೆ ಹಿಂದೆಗೆಯುವಂತೆ ಮಾಡಿದುದು ಇದೇ ಆದಿಲ್ ಶಾಹನ ಆಡಳಿತ. ಆದುದರಿಂದ ಮಾಗಡಿಯ ಚರಿತ್ರೆಯನ್ನೋದುವವರಿಗೆ ಹಬ್ಷಿಗಳು ತೀರ ದೂರದವರಲ್ಲ. ಇಖ್ಲಾಸ್ ಖಾನನ ಚಿತ್ರಗಳು ಉಳಿದುಬಂದಿವೆ. ಕಪ್ಪು ಮುಖವನ್ನು ಚಿತ್ರಕಾರನು ಗೌರವದಿಂದಲೇ ಬರೆದಿದ್ದಾನೆ. ಕೂದಲಂತೂ ಪೇಟದೊಳಗಿದೆ, ಚರಿತ್ರಕಾರರ ದುರದೃಷ್ಟ!

ಉತ್ತರ ಕನ್ನಡದ ಸಿದ್ದಿಗಳ ಹಿನ್ನೆಲೆಯಲ್ಲಿ ಇಂತಹ ವೈಭವವಿಲ್ಲ. ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ತಪ್ಪಿಸಿಕೊಂಡವರೂ ಬಿಡುಗಡೆ ಹೊಂದಿದವರೂ ಘಟ್ಟದ ಕಾಡುಗಳನ್ನು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲ, ಮುಂಡಗೋಡಗಳ ಕಡೆ ಇಂದು ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಮತ ಮೂರಾದರೂ ಡಮಾಮಿಯ ಕುಣಿತ ಎಲ್ಲರದು, ಕೂದಲೂ ಹಾಗೆಯೇ. ಇವರ ಪೂರ್ವಿಕರಲ್ಲಿ ಹೆಚ್ಚಿನವರು ಆಫ್ರಿಕದ ಬಾಂಟು ಜನರೆಂಬುದನ್ನು 2011ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನ ತೋರಿಸಿತು. 2003ರಲ್ಲಿ ಇವರನ್ನು ಅನುಸೂಚಿತ ಬುಡಕಟ್ಟುಗಳಲ್ಲಿ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಬುಡ್ನಾ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇಷ್ಟಾದರೂ, ಶತಮಾನಗಳಿಂದ ಇಲ್ಲಿಯೇ ನೆಲೆಸಿ ಕನ್ನಡ ಕೊಂಕಣಿಗಳನ್ನಾಡುವ ಇವರನ್ನು ಬೆಂಗಳೂರಿನ ಬಸ್ಸಿನಲ್ಲಿ ‘ಯಾವ ದೇಶ?’ ಎಂದು ಕೇಳುವುದು ತಪ್ಪಿಲ್ಲ. ಹಾಗೆ ಕೇಳಿಸುವುದರಲ್ಲಿ ಕೂದಲಿನ ಪಾತ್ರ ಬಣ್ಣಕ್ಕಿಂತ ಹೆಚ್ಚಿನದೆಂದು ನಮ್ಮ ಅಭಿಪ್ರಾಯ. ಕಪ್ಪು ಮೈಬಣ್ಣ ಕನಕಪುರದಲ್ಲೇನು ಅಪರೂಪವೇ?

ಕೂದಲನ್ನು ಕೀಳೆನ್ನುವ ಭಾವನೆ ವ್ಯವಸ್ಥಿತವಾಗಿ ಬೆಳೆದದ್ದು ಅಟ್ಲಾಂಟಿಕ್ ಸಾಗರದ ಆಚೆಯ ಗುಲಾಮ ಪದ್ಧತಿಯಲ್ಲಿ. 1786ರಲ್ಲಿ ಲೂಸಿಯಾನದ ಸ್ಪ್ಯಾನಿಷ್ ಗವರ್ನರನು ಆಫ್ರಿಕ ಮೂಲದ ಸ್ತ್ರೀಯರು ತಮ್ಮ ಕೂದಲಿನ ಅಲಂಕಾರವನ್ನು ಬಿಟ್ಟು ತಲೆಗೆ ಬಟ್ಟೆ ಕಟ್ಟತಕ್ಕದ್ದೆಂದು ಆಜ್ಞೆ ಹೊರಡಿಸಿದನು. ಆ ಕೂದಲು ಕುರೂಪವೆಂದು ಅವನಿಗೆ ತೋರಿದ್ದರೆ ಮುಚ್ಚಿಸುವ ಅಗತ್ಯವೇ ಇರಲಿಲ್ಲ ಎಂಬುದು ಗಮನಾರ್ಹ. ದಕ್ಷಿಣ ಆಫ್ರಿಕದಲ್ಲಿ 1950ರ ಜನಸಂಖ್ಯಾ ನೋಂದಣಿ ಕಾಯಿದೆಯ ಕಾಲದಲ್ಲಿ ಪೆನ್ಸಿಲ್ ಪರೀಕ್ಷೆಯೊಂದು ನಡೆಯುತ್ತಿತ್ತು. ಸಂಶಯವಿದ್ದವರ ಕೂದಲಿಗೆ ಪೆನ್ಸಿಲನ್ನು ಸಿಕ್ಕಿಸುವುದು. ಅದು ಜಾರಿ ಬಿದ್ದರೆ ಒಂದು ಜನಾಂಗ, ನಿಂತರೆ ಇನ್ನೊಂದು. ಒಡಹುಟ್ಟಿದವರನ್ನು ಸಹ ಬೇರೆ ಮಾಡಬಲ್ಲ ಪರೀಕ್ಷೆ ಅದು. ಆ ಕಾಯಿದೆ 1991ರಲ್ಲಿ ರದ್ದಾಯಿತು. ಆದರೂ 2016ರಲ್ಲಿ ಪ್ರಿಟೋರಿಯದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿದ್ಯಾರ್ಥಿನಿಯರು ಕೂದಲಿನ ನಿಯಮಗಳ ವಿರುದ್ಧ ಪ್ರತಿಭಟಿಸಬೇಕಾಯಿತು. ಅಮೆರಿಕದಲ್ಲಿ ಕೂದಲಿನ ಕಾರಣದಿಂದ ಕೆಲಸದಲ್ಲಿಯೂ ಶಾಲೆಯಲ್ಲಿಯೂ ಭೇದ ಮಾಡಕೂಡದೆಂಬ ಕಾಯಿದೆಯನ್ನು ಮೊದಲು ಮಾಡಿದುದು ಕ್ಯಾಲಿಫೋರ್ನಿಯ ರಾಜ್ಯ, 2019ರಲ್ಲಿ. ಕೆಲಸ ಸಿಕ್ಕದೆಂಬ ನಮ್ಮ ವಿದ್ಯಾರ್ಥಿಗಳ ಭಯ ಬರಿಯ ಭ್ರಮೆಯಲ್ಲವೆಂಬುದಕ್ಕೆ ಈ ಕಾಯಿದೆಯೇ ಸಾಕ್ಷಿ. ಭಯಕ್ಕೆ ಕಾರಣವಿದೆ, ಆ ಕಾರಣ ಮೇಜಿನ ಈಚೆ ಕುಳಿತ ನಮ್ಮಂಥವರಲ್ಲಿದೆ.

ನೇರ ಮಾಡಿಸಿಕೊಂಡರಾಯಿತಲ್ಲ ಎನ್ನುವವರುಂಟು. ಕೂದಲಿನ ಸುರುಳಿಯನ್ನು ಹಿಡಿದಿಡುವ ಗಂಧಕದ ಬಂಧಗಳನ್ನು ಕಾಸ್ಟಿಕ್ ಸೋಡದಂತಹ ತೀಕ್ಷ್ಣ ಕ್ಷಾರದಿಂದ ಮುರಿದರೆ ಕೂದಲು ನೇರವಾಗುತ್ತದೆ, ಜೊತೆಗೆ ದುರ್ಬಲವೂ ಆಗುತ್ತದೆ. ಬುಡದಿಂದ ಹೊಸದಾಗಿ ಬರುವುದು ಗುಂಗುರೇ ಆದ್ದರಿಂದ ಕೆಲವು ತಿಂಗಳಿಗೊಮ್ಮೆ ಮತ್ತೆ ಮಾಡಿಸಬೇಕು. ಕೆಲವು ವಿಧಾನಗಳಲ್ಲಿ ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಅನಿಲ ಹೊರಡುತ್ತದೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯ ಸಂಶೋಧಕರು 33,000ಕ್ಕೂ ಹೆಚ್ಚು ಮಂದಿ ಸ್ತ್ರೀಯರನ್ನು ಸುಮಾರು 11 ವರ್ಷ ಅನುಸರಿಸಿ 2022ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇಂತಹ ರಾಸಾಯನಿಕಗಳನ್ನು ಬಳಸದವರಲ್ಲಿ 70 ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರು ಬರುವ ಸಂಭವ ಶೇಕಡ 1.64 ಆಗಿದ್ದರೆ, ಪದೇ ಪದೇ ಬಳಸುವವರಲ್ಲಿ ಶೇಕಡ 4.05 ಎಂದು ಅವರ ಅಂದಾಜು. ಸಂಬಂಧವಿದೆಯೆಂದು ಇದು ತೋರಿಸುತ್ತದೆ. ಇದೇ ಕಾರಣವೆಂದು ಸಿದ್ಧಪಡಿಸುವುದಿಲ್ಲ. ಆದರೂ ವಿದ್ಯಾರ್ಥಿನಿಯರಿಗೆ ತಿಳಿಸದೆ ಬಿಡತಕ್ಕ ಸಂಗತಿಯಲ್ಲ.

ಇನ್ನು ಆರೈಕೆ. ಇದನ್ನು ನಾವು ಪುಸ್ತಕಗಳಿಂದ ಕಲಿತುದಕ್ಕಿಂತ ಆ ಹುಡುಗಿಯಿಂದ ಕಲಿತದ್ದೇ ಹೆಚ್ಚು. ಮೂರನೆಯ ವರ್ಷ ಅವಳು ಇಕ್ಕಳವನ್ನು ಬಿಟ್ಟಿದ್ದಳು. ಕ್ಷಮೆ ಕೇಳಿದ ಮೇಲೆ, ಸ್ವಲ್ಪ ಸಂಕೋಚದಿಂದಲೇ, ತನ್ನ ಅವ್ವ ಮಾಡುತ್ತಿದ್ದ ಕ್ರಮವನ್ನು ವಿವರಿಸಿದಳು. ಕೂದಲು ಒದ್ದೆಯಾಗಿರುವಾಗಲೇ, ಎಣ್ಣೆಯ ಪಸೆಯಿರುವಾಗಲೇ, ಬೆರಳಿನಿಂದ ಅಥವಾ ಅಗಲ ಹಲ್ಲಿನ ಹಣಿಗೆಯಿಂದ, ತುದಿಯಿಂದ ಆರಂಭಿಸಿ ಬುಡದ ಕಡೆಗೆ ಸಿಕ್ಕು ಬಿಡಿಸಬೇಕು. ಒಣಗಿದ ಮೇಲೆ ಹಣಿಗೆಯನ್ನು ಮುಟ್ಟಿಸಬಾರದು. ದಿನವೂ ಸಾಬೂನಿನಿಂದ ತಿಕ್ಕಿ ತೊಳೆಯುವುದೂ ಬೇಡ. ನಮ್ಮ ಕಡೆಯ ವಾರದ ಎಣ್ಣೆಸ್ನಾನ ಈ ಕೂದಲಿಗೆಂದೇ ಹುಟ್ಟಿದಂತಿದೆ. ಆದರೆ ಬರಿಯ ಸೀಗೆಪುಡಿ ಕೂದಲನ್ನು ಒಣಗಿಸುವುದರಿಂದ ಅದರ ಜೊತೆಗೆ ದಾಸವಾಳದ ಎಲೆಯ ಲೋಳೆ ಇದ್ದರೆ ಒಳ್ಳೆಯದು. ಎಣ್ಣೆಗಳಲ್ಲಿ ಹರಳೆಣ್ಣೆ ಗಟ್ಟಿಯಾದದ್ದು, ತೇವವನ್ನು ಹಿಡಿದಿಡುತ್ತದೆ; ಕೆರಿಬಿಯನ್ ದ್ವೀಪಗಳ ಆಫ್ರಿಕ ಮೂಲದವರು ತಲೆತಲಾಂತರದಿಂದ ಬಳಸುತ್ತಿರುವುದೂ ಇದನ್ನೇ. ಕನಕಪುರ ಮಾಗಡಿಗಳ ರಾಗಿಹೊಲದ ಅಕ್ಕಡಿ ಸಾಲುಗಳಲ್ಲಿ ಹರಳುಗಿಡವನ್ನು ನೋಡಿದವರಿಗೆ ಒಂದು ಮಾತು: ಸಸ್ಯವಿಜ್ಞಾನಿಗಳ ಪ್ರಕಾರ ಹರಳಿನ ತವರೂ ರಾಗಿಯ ತವರೂ ಪೂರ್ವ ಆಫ್ರಿಕದ ಕಡೆಯೇ. ಬಹು ಪ್ರಾಚೀನ ಕಾಲದಲ್ಲಿ ಅಲ್ಲಿಂದ ಬಂದ ರಾಗಿಯನ್ನು ‘ಯಾವ ದೇಶ?’ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ರಾತ್ರಿ ಮಲಗುವಾಗ ಹತ್ತಿಯ ದಿಂಬು ಕೂದಲಿನ ಪಸೆಯನ್ನು ಹೀರುತ್ತದೆ, ಉಜ್ಜಿ ಸುರುಳಿಗಳನ್ನು ಕೆಡಿಸುತ್ತದೆ. ಅದಕ್ಕಾಗಿ ಅಮೆರಿಕದ ಆಫ್ರಿಕ ಮೂಲದ ಸ್ತ್ರೀಯರು ತಲೆಗೆ ರೇಷ್ಮೆಯ ಅಥವಾ ಸ್ಯಾಟಿನ್ ಬಟ್ಟೆಯನ್ನು ಕಟ್ಟಿಕೊಂಡು ಮಲಗುತ್ತಾರೆ. ಏಷ್ಯದಲ್ಲಿಯೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ರಾಮನಗರದಲ್ಲಿದೆ. ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಹಿಪ್ಪುನೇರಳೆ ಬೆಳೆಯುವ ಮನೆಯವರು, ನೂಲು ಬಿಚ್ಚುವ ಮನೆಯವರು. ಹಳೆಯ ರೇಷ್ಮೆ ಸೀರೆಯ ಒಂದು ತುಂಡನ್ನು ದಿಂಬಿಗೆ ಹೊದಿಸಿ ನೋಡಿರೆಂದು ನಾವು ಹೇಳಿದಾಗ ಅವರು ಮೊದಲು ನಕ್ಕರು. ಆಮೇಲೆ ಇಬ್ಬರು ಮೂವರು ಬಂದು, ಹೌದು ಸರ್, ಬೆಳಗ್ಗೆ ಸಿಕ್ಕು ಕಡಮೆಯಾಗಿದೆ ಎಂದರು.

ಹೆಣ್ಣು ನೋಡಲು ಬರುವವರ ವಿಚಾರದಲ್ಲಿ ಅಧ್ಯಾಪಕರಾದ ನಮಗೆ ಹೇಳಲು ಅಧಿಕಾರವಿಲ್ಲ. ಕಾಲೇಜಿನ ನಿಯಮದ ವಿಚಾರದಲ್ಲಿ ಇದೆ. ನಾವಿರುವ ಕಾಲೇಜಿನ ಶಿಸ್ತಿನ ಪಟ್ಟಿಯಲ್ಲಿ ‘ವಿದ್ಯಾರ್ಥಿಗಳು ತಲೆಯನ್ನು ನೀಟಾಗಿ ಬಾಚಿಕೊಂಡು ಬರತಕ್ಕದ್ದು’ ಎಂಬ ವಾಕ್ಯ ಬಹುಕಾಲದಿಂದ ಇದೆ. ಅದರ ಬದಲು ‘ತಲೆಯನ್ನು ಶುಚಿಯಾಗಿಟ್ಟುಕೊಂಡು ಬರತಕ್ಕದ್ದು’ ಎಂದಿರಲಿ ಎಂದು ನಾವು ಸೂಚಿಸಿದ್ದೇವೆ. ಒಂದು ಮಾತಿನ ಬದಲಾವಣೆಗೆ ಸಭೆಯಲ್ಲಿ ಮುಕ್ಕಾಲು ಗಂಟೆ ಚರ್ಚೆಯಾಯಿತು. ಹಿರಿಯ ಸಹೋದ್ಯೋಗಿಯೊಬ್ಬರು, ಹಾಗಾದರೆ ಕೆದರಿದ ತಲೆಯನ್ನು ಗುರುತಿಸುವುದು ಹೇಗೆ ಎಂದು ಕೇಳಿದರು. ವಿದ್ಯಾರ್ಥಿಯನ್ನೇ, ಒಬ್ಬನೇ ಇರುವಾಗ, ಕೇಳಬಹುದು ಎಂದೆವು. ನಿರ್ಣಯವನ್ನು ಮುಂದಿನ ಸಭೆಗೆ ಇಟ್ಟಿದ್ದಾರೆ.