ಘಟ್ಟ ಹತ್ತಿ ಬಂದ ಎಲಿಯಟ್ ದೊರೆ

ಹೊರನಾಡು ಎಂದೊಡನೆ ಅನ್ನಪೂರ್ಣೇಶ್ವರಿಯ ಸನ್ನಿಧಿ, ದಾಸೋಹದ ಸಾಲು, ಸುತ್ತಲಿನ ಹಸಿರು ಬೆಟ್ಟಗಳು ನೆನಪಾಗುತ್ತವೆ. ಆದರೆ ಕಳಸ, ಮೂಡಿಗೆರೆ, ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳ ಚರಿತ್ರೆಯನ್ನು ಕೆದಕಿದರೆ ಬೇರೊಂದು ಅರ್ಥದ ಹೊರನಾಡೂ ಎದುರಾಗುತ್ತದೆ. ಇಲ್ಲಿ ಬೇರು ಬಿಟ್ಟವರಲ್ಲಿ ಬಹಳಷ್ಟು ಮಂದಿ ಹೊರಗಿನಿಂದ ಬಂದವರೇ. ಅಷ್ಟೇಕೆ, ಕಾಫಿ ಗಿಡವೇ ವಲಸೆ ಬಂದದ್ದು! ಇಥಿಯೋಪಿಯದ ಕಾಡಿನಲ್ಲಿ ಹುಟ್ಟಿ, ಯೆಮನ್ ದೇಶದಲ್ಲಿ ಬೆಳೆದು, ಬಾಬಾ ಬುಡನ್ ತಂದರೆಂದು ಹೇಳಲಾಗುವ ಏಳು ಬೀಜಗಳ ರೂಪದಲ್ಲಿ ಹದಿನೇಳನೆಯ ಶತಮಾನದಲ್ಲಿ ಚಂದ್ರದ್ರೋಣ ಪರ್ವತವನ್ನು ಏರಿತು.

ಗಿಡದ ಹಿಂದೆ ಸುಮಾರು ಎರಡು ಶತಮಾನ ಕಳೆದು ಬಿಳಿಯ ಬೇಸಾಯಗಾರರು ಬಂದರು. ಕ್ಯಾನನ್ ಎಂಬಾತ ಬಾಬಾಬುಡನ್ ಗಿರಿಯ ದಕ್ಷಿಣಕ್ಕಿರುವ ಎತ್ತರದ ಸಾಲಿನಲ್ಲಿ ತೋಟ ಹಾಕಿದ. ಅದು ಕೈಗೂಡಿದ್ದನ್ನು ಕಂಡು 1843ರಲ್ಲಿ ಗ್ರೀನ್ ಎಂಬಾತ ದಕ್ಷಿಣ ಮಂಜರಾಬಾದಿನಲ್ಲಿ ಕಾಡು ಕಡಿಸಿದ. ಮಂಜರಾಬಾದ್ ಎಂದರೆ ಇಂದಿನ ಸಕಲೇಶಪುರ, ಮೂಡಿಗೆರೆ ಕಡೆಯ ಬೆಟ್ಟಸಾಲು. ಇವರ ಬೆನ್ನಿಗೇ ಬಂದವನು ರಾಬರ್ಟ್ ಎಚ್. ಎಲಿಯಟ್. ಉಳಿದವರು ತೋಟ ಮಾಡಿ ಹೋದರು; ಈತ ತೋಟ ಮಾಡಿದ್ದಲ್ಲದೆ ಬರೆದಿಟ್ಟೂ ಹೋದ. ಹಾಗಾಗಿಯೇ ಅವನ ಕಥೆ ಇವತ್ತಿಗೂ ದಕ್ಕುತ್ತದೆ.

ಗಡಿನಾಡಿನ ಹುಡುಗ

ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಗಡಿಯಲ್ಲಿ ಎಲಿಯಟ್ ಎಂಬುದು ಹಳೆಯ ಮನೆತನ. ರಾಬರ್ಟ್‌ನ ವಂಶದ ಜಮೀನು ಕೆಲ್ಸೊ ಪಟ್ಟಣದ ಬಳಿಯ ಕ್ಲಿಫ್ಟನ್ ಪಾರ್ಕ್. ಚಳಿ, ಗುಡ್ಡ, ಹುಲ್ಲು, ಕುರಿ - ಇದು ಆ ಸೀಮೆಯ ಬೇಸಾಯ. ಇಂಥ ಕಡೆಯಿಂದ 1855ರಲ್ಲಿ ಹಡಗು ಹತ್ತಿದಾಗ ಅವನಿಗೆ ಇಪ್ಪತ್ತು ತುಂಬಿರಲಿಲ್ಲ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಅವನು ಮಲೆನಾಡಿಗೆ ಕಾಲಿಟ್ಟಾಗ ಎರಡೂ ಇರಲಿಲ್ಲ. ಮಳೆಗಾಲ ಹಿಡಿದರೆ ತಿಂಗಳುಗಟ್ಟಲೆ ಹೊರಜಗತ್ತಿನ ಸುದ್ದಿಯೇ ಇಲ್ಲ. ಅಕ್ಕಪಕ್ಕದಲ್ಲಿ ತನ್ನ ಭಾಷೆ ಬಲ್ಲವರು ಬೆರಳೆಣಿಕೆಯಷ್ಟು. ಇಂದು ಪಿಯುಸಿ ಮುಗಿಸಿದ ಮಗನನ್ನು ಬೆಂಗಳೂರಿನ ಹಾಸ್ಟೆಲಿಗೆ ಬಿಟ್ಟು ಕಣ್ಣೀರು ಹಾಕುವ ತಂದೆತಾಯಿಗಳು ಊಹಿಸಿಕೊಳ್ಳಬಹುದು.

ಹೊಸದಾಗಿ ಬಂದ ದೊರೆಗಳು ಕಾಡನ್ನು ಪೂರ್ತಿ ಕಡಿದು, ಬೆಂಕಿ ಹಚ್ಚಿ, ಬಯಲಾದ ಗುಡ್ಡದಲ್ಲಿ ಕಾಫಿ ನೆಟ್ಟರು. ಬಿಸಿಲು ಹೆಚ್ಚಿದಷ್ಟೂ ಫಸಲು ಹೆಚ್ಚು ಎಂಬ ನಂಬಿಕೆ. ಊರಿನ ರೈತರಾದರೋ ಮೊದಲಿನಿಂದಲೂ ದೊಡ್ಡ ಮರಗಳ ಕೆಳಗೇ ಕಾಫಿ ಬೆಳೆಸುತ್ತಿದ್ದರು. ಅದನ್ನು ಹಳೇ ಕಾಲದ ಸೋಮಾರಿ ಪದ್ಧತಿ ಎಂದು ಭಾವಿಸುವುದು ಹೊಸಬರಿಗೆ ಸುಲಭವಾಗಿತ್ತು.

ಕಾಂಡ ಕೊರೆದ ಹುಳ

ಪೆಟ್ಟು ಬಿದ್ದದ್ದು 1860ರ ದಶಕದ ಉತ್ತರಾರ್ಧದಲ್ಲಿ. ಮಳೆ ಕೈಕೊಟ್ಟಿತು, ಜೊತೆಗೇ ಬೋರರ್ ಹುಳ ಎದ್ದಿತು. ಇಂದಿಗೂ ಅರೇಬಿಕಾ ಬೆಳೆಗಾರರ ನಿದ್ದೆ ಕೆಡಿಸುವ ಬಿಳಿ ಕಾಂಡಕೊರಕ ಇದೇ. ಕಪ್ಪು ಮೈಮೇಲೆ ಬಿಳಿ ಪಟ್ಟೆಯ ಸಣ್ಣ ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತಾ ಹೋಗುತ್ತದೆ. ಗಿಡ ಹಳದಿಯಾಗಿ ಸೊರಗುವ ಹೊತ್ತಿಗೆ ಒಳಗೆಲ್ಲ ಟೊಳ್ಳು. ಈ ದುಂಬಿಗೆ ಬಿಸಿಲೆಂದರೆ ಇಷ್ಟ. ಮೊಟ್ಟೆ ಇಡಲು ಬಿಸಿಲು ಬೀಳುವ ಕಾಂಡವನ್ನೇ ಹುಡುಕುತ್ತದೆ. ಅಂದರೆ ಮರ ಕಡಿದು ಗುಡ್ಡ ಬೋಳಿಸಿದವರು ತಮಗರಿವಿಲ್ಲದೆಯೇ ಹುಳಕ್ಕೆ ಹಬ್ಬದೂಟ ಬಡಿಸಿದ್ದರು!

ಕಾಫಿ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು; ಪೂರ್ಣ ಇಳುವರಿಗೆ ಇನ್ನೂ ಹೆಚ್ಚು. ಅಷ್ಟೂ ವರ್ಷ ಕೂಲಿ, ಗೊಬ್ಬರ, ಕಳೆ ಎಂದು ಹಣ ಸುರಿಯಬೇಕು. ಹೀಗೆ ಸಾಕಿದ ಗಿಡ ಕಣ್ಣೆದುರೇ ಒಣಗಿದರೆ ಸಾಲ ಮಾಡಿದವನ ಗತಿಯೇನು? ಚಿಕ್ಕಮಗಳೂರಿನ ಹೆಸರಿನಿಂದಲೇ ‘ಚಿಕ್’ ಎನಿಸಿಕೊಂಡಿದ್ದ ಹಳೆಯ ತಳಿ ತೋಟ ತೋಟಗಳಲ್ಲೇ ನಾಶವಾಯಿತು. 1870ರ ಸುಮಾರಿಗೆ ಕೊಡಗಿನಿಂದ ಬಂದ ಬೀಜ ಮೈಸೂರು ಸೀಮೆಯ ಕಾಫಿಯನ್ನು ಉಳಿಸಿತು. ಅದೇ ಹೊತ್ತಿಗೆ ಸಿಂಹಳದಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು, ಎರಡು ದಶಕಗಳೊಳಗೆ ಅಲ್ಲಿನ ಕಾಫಿಯನ್ನು ಮುಗಿಸಿ, ಆ ದ್ವೀಪವನ್ನು ಚಹಾ ನಾಡಾಗಿಸಿತು.

ಎಲಿಯಟ್ ಓಡಿಹೋಗಲಿಲ್ಲ. ಕಡಿದ ಜಾಗದಲ್ಲೇ ಮತ್ತೆ ನೆರಳಿನ ಮರಗಳನ್ನು ಎಬ್ಬಿಸಿದ. 1894ರಲ್ಲಿ ಅಚ್ಚಾದ ‘ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್’ ಎಂಬ ಪುಸ್ತಕದಲ್ಲಿ ತನ್ನ 38 ವರ್ಷಗಳ ಅನುಭವವನ್ನು ದಾಖಲಿಸುವಾಗ ನೆರಳಿನ ವಿಷಯಕ್ಕೆ ದೊಡ್ಡ ಜಾಗ ಕೊಟ್ಟಿದ್ದಾನೆ. ಯಾವ ಮರ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ಚರ್ಚೆಯಲ್ಲಿ ಬಸರಿ, ಗೋಣಿಯಂಥ ಅಪ್ಪಟ ಕನ್ನಡ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿ ಮೆರೆದಿವೆ. ಆ ಹೆಸರುಗಳನ್ನು ಅವನಿಗೆ ಹೇಳಿಕೊಟ್ಟವರು ಇಲ್ಲಿನ ರೈತರು, ಕೂಲಿಯಾಳುಗಳಲ್ಲದೆ ಇನ್ನಾರು? ಕಾಡಿನ ಮೇಲ್ಮಣ್ಣನ್ನು ತಂದು ಗಿಡದ ಬುಡಕ್ಕೆ ಹಾಕುವುದನ್ನೂ ಅವನು ಬಹಳ ಮೆಚ್ಚಿದ್ದ. ಅದೇ ಪುಸ್ತಕದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ, ಜಾತಿ ಪದ್ಧತಿ, ಬೆಳ್ಳಿ ನಾಣ್ಯದ ಗೊಂದಲಗಳೂ ಬರುತ್ತವೆ. ದೊರೆಯ ಗತ್ತು ಅಲ್ಲಲ್ಲಿ ಇಣುಕುವುದೂ ಉಂಟು. ಓದುವವರು ಅದಕ್ಕೆ ಸಿದ್ಧರಿರಬೇಕು.

ಮರಳಿ ಮನೆಗೆ

ಎಲಿಯಟ್ ಎರಡು ನೆಲಗಳ ನಡುವೆ ಓಡಾಡಿದವನು. ಕ್ಲಿಫ್ಟನ್ ಪಾರ್ಕಿನಲ್ಲಿ ಸವಕಲಾದ ಹೊಲಗಳಿಗೆ ಹುಲ್ಲಿನ ಜೊತೆ ಚಿಕೋರಿಯಂಥ ಆಳ ಬೇರಿನ ಗಿಡಗಳನ್ನು ಬಿತ್ತಿದ. ಕೆಲವು ವರ್ಷ ಹಾಗೇ ಬಿಟ್ಟರೆ ಬೇರುಗಳೇ ಗಟ್ಟಿ ಮಣ್ಣನ್ನು ಸೀಳುತ್ತವೆ, ಕೊಳೆತು ಗೊಬ್ಬರವಾಗುತ್ತವೆ, ಮುಂದಿನ ಬೆಳೆಗೆ ಖರ್ಚು ಕಡಿಮೆ ಎಂಬುದು ಅವನ ವಾದ. ಕಾಫಿಗೆ ಬೆರೆಸುವ ಚಿಕೋರಿಯ ಗಿಡವನ್ನು ಕಾಫಿ ಬೆಳೆಗಾರನೊಬ್ಬ ಮಣ್ಣು ರಿಪೇರಿಗೆ ಬಳಸಿದ್ದು ತಮಾಷೆಯೇ ಸರಿ. ‘ಕ್ಲಿಫ್ಟನ್ ಪಾರ್ಕ್ ಪದ್ಧತಿ’ ಎಂದು ಹೆಸರಾದ ಈ ಬೇಸಾಯದ ಪುಸ್ತಕ ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಹುಲ್ಲುಗಾವಲು ತಜ್ಞ ಸ್ಟೇಪಲ್ಡನ್ ಅವರ ಮುನ್ನುಡಿಯೊಡನೆ ಮತ್ತೆ ಅಚ್ಚಾಯಿತು. ಮಲೆನಾಡಿನ ಮೇಲ್ಮಣ್ಣಿನ ಪಾಠ ಸ್ಕಾಟ್ಲೆಂಡಿನ ಹೊಲದಲ್ಲಿ ಎಷ್ಟು ಕೆಲಸ ಮಾಡಿತೋ, ಎರಡೂ ಪುಸ್ತಕ ಓದಿದವರಿಗೆ ಸಂಬಂಧವಂತೂ ಕಾಣದಿರದು.

ಸ್ವಾತಂತ್ರ್ಯದ ನಂತರ ಬಿಳಿಯರ ತೋಟಗಳು ಒಂದೊಂದಾಗಿ ಕೈಬದಲಾದವು. ಅವರ ಬಂಗಲೆಗಳ ಮೇಲೆ ಮಂಗಳೂರು ಹೆಂಚು ಉಳಿಯಿತು. ಅದೂ ಹೊರನಾಡಿನ ಕಾಣಿಕೆಯೇ: ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಿದ್ದರು. ಇನ್ನೊಂದು ಗುರುತು ಗಿಡದಲ್ಲೇ ಇದೆ. 1911ರಲ್ಲಿ ದೊಡ್ಡನಗುಡ್ಡ ತೋಟದಲ್ಲಿ ಕೆಂಟ್ ಎಂಬ ಪ್ಲಾಂಟರ್ ತುಕ್ಕು ರೋಗ ತಾಳಿಕೊಂಡ ಗಿಡವೊಂದನ್ನು ಆರಿಸಿದ. ಆ ‘ಕೆಂಟ್ಸ್’ ತಳಿ ಆಫ್ರಿಕಕ್ಕೂ ಹೋಯಿತು. 1925ರಲ್ಲಿ ಕೆನಡಾದಿಂದ ಬಂದಿದ್ದ ಡಾ. ಲೆಸ್ಲಿ ಕೋಲ್‌ಮನ್ ಅವರ ಮುಂದಾಳತ್ವದಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾಯಿತು. ಅಲ್ಲಿ 1940ರ ದಶಕದಲ್ಲಿ ಹೊರಬಂದ ಎಸ್.795ರ ತಂದೆತಾಯಿಗಳಲ್ಲಿ ಕೆಂಟ್ಸ್ ಒಂದು. ಚಿಕ್ಕಮಗಳೂರಿನ ಹುಡುಗ ತನ್ನ ಮನೆಯ ಹಿತ್ತಲಲ್ಲಿ ನೋಡುವ ಗಿಡಕ್ಕೂ ಹೀಗೆ ಒಂದು ವಂಶವೃಕ್ಷವಿದೆ.

ಪುಸ್ತಕ ಇಲ್ಲದವರ ಚರಿತ್ರೆ

ಎಲಿಯಟ್‌ನ ಮನೆತನಕ್ಕೆ ಪುಸ್ತಕಗಳಿವೆ. ಗುಂಡಿ ತೋಡಿದವರಿಗೆ? ಕೊಯ್ಲಿಗೆಂದು ಕರಾವಳಿಯಿಂದ ಮೇಸ್ತ್ರಿಯ ಹಿಂದೆ ಘಟ್ಟ ಹತ್ತಿದವರು, ಬಯಲುಸೀಮೆಯಿಂದ ಬಂದವರು, ತಮಿಳು ಮಾತಿನ ಕುಟುಂಬಗಳು - ಲೈನ್ ಮನೆಗಳಲ್ಲಿ ಮೂರು ನಾಲ್ಕು ತಲೆಮಾರು ಕಳೆದವರೂ ಇದ್ದಾರೆ. ಅವರ ಹೆಸರು ಉಳಿದಿದ್ದರೆ ತೋಟದ ರೈಟರ್ ಬರೆದ ಚೆಕ್‌ರೋಲಿನಲ್ಲಿ, ಮಕ್ಕಳನ್ನು ಸೇರಿಸಿದ ಶಾಲೆಯ ದಾಖಲಾತಿ ಪುಸ್ತಕದಲ್ಲಿ. ಸಣ್ಣ ಬೆಳೆಗಾರರ ಮನೆಗಳಲ್ಲಾದರೆ ಹಳೆಯ ಪಹಣಿ, ಕಂದಾಯದ ರಸೀದಿ, ಕಾಫಿ ಮಂಡಳಿಯ ಕಾಗದಗಳು ಪೆಟ್ಟಿಗೆಯ ತಳದಲ್ಲಿ ಸಿಕ್ಕಾವು. 1990ರ ದಶಕದಲ್ಲಿ ಮುಕ್ತ ಮಾರುಕಟ್ಟೆ ಬರುವವರೆಗೂ ಬೆಳೆಗಾರರು ಕಾಫಿಯನ್ನು ಮಂಡಳಿಯ ಪೂಲಿಗೆ ಹಾಕಿ, ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ ಹಣಕ್ಕೆ ಕಾಯುತ್ತಿದ್ದರು. ಯಾವ ವರ್ಷ ಮನೆ ಕಟ್ಟಿದ್ದು, ಯಾವ ವರ್ಷ ಮಗಳ ಮದುವೆ ಮುಂದೆ ಹೋದದ್ದು ಎಂಬುದನ್ನು ಅಜ್ಜ ಆ ರಸೀದಿಗಳನ್ನು ಹಿಡಿದೇ ಹೇಳಬಲ್ಲರು.

ಎಲಿಯಟ್‌ನ 1894ರ ಪುಸ್ತಕ ಈಗ ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಓದಲು ಸಿಗುತ್ತದೆ. ಪ್ರೌಢಶಾಲೆಯ ಇಂಗ್ಲಿಷಿಗೆ ತುಸು ಕಷ್ಟವಾದರೂ ನೆರಳಿನ ಮರಗಳ ಅಧ್ಯಾಯವನ್ನು ತೋಟದಲ್ಲಿ ಮರಗಸಿ ಮಾಡುವವರ ಪಕ್ಕ ಕೂತು ಓದಿದರೆ ಅರ್ಧ ಪದಗಳಿಗೆ ನಿಘಂಟು ಬೇಕಾಗದು.