ಹಾಸಿಗೆ ಇದ್ದಷ್ಟೇ ಎಡಿಟರ್

ನಮ್ಮ ಹಾಸ್ಟೆಲ್‌ನಲ್ಲಿ ಕ್ರಿಕೆಟ್ ಬಿಟ್ಟರೆ ಹೆಚ್ಚು ಜಗಳ ಆಗುವುದು ‘ಯಾವ ಎಡಿಟರ್ ಒಳ್ಳೆಯದು’ ಎಂಬ ವಿಷಯಕ್ಕೆ. ಕೋಡ್ ಬರೆಯಲು ಬರೀ ಅಕ್ಷರ ಉಳಿಸಿಕೊಡುವ ಸಾದಾ ಟೆಕ್ಸ್ಟ್ ಎಡಿಟರ್ ಸಾಕು. ಆದರೂ ಕಪ್ಪು ಥೀಮ್, ಹತ್ತಾರು ಎಕ್ಸ್‌ಟೆನ್ಷನ್ ಇಲ್ಲದವರನ್ನು ನೋಡುವ ನೋಟವೇ ಬೇರೆ.

ಮೊದಲು ನಾನೂ ಎಲ್ಲರಂತೆ ದೊಡ್ಡ ಎಡಿಟರನ್ನೇ ಹಾಕಿಕೊಂಡೆ. ಅಪ್ಪ ಕೊಡಿಸಿದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನಲ್ಲಿ ಇರುವುದು 4 ಜಿಬಿ ರ‍್ಯಾಮ್. ಬ್ರೌಸರ್ ಜೊತೆ ಎಡಿಟರ್ ತೆರೆದರೆ ಫ್ಯಾನ್ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು. ಮೂರನೇ ಸೆಮಿಸ್ಟರ್‌ನಲ್ಲಿ ಮಿನಿ ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ರಾತ್ರಿ ಎಲ್ಲ ನಿಂತುಹೋಯಿತು. ಸೇವ್ ಮಾಡದ ಎರಡು ಗಂಟೆಯ ಕೆಲಸ ಹೋಯಿತು. ಹೊಸ ಲ್ಯಾಪ್‌ಟಾಪ್ ಕೇಳೋಣವೆಂದು ಅಪ್ಪನಿಗೆ ಫೋನ್ ಮಾಡಿದೆ. ‘ಊಟ ಆಯ್ತಾ ಮಗಾ?’ ಎಂದರು. ‘ಆಯ್ತಪ್ಪಾ’ ಎಂದು ಫೋನ್ ಇಟ್ಟೆ. ರೂಮ್‌ಮೇಟ್ ಲ್ಯಾಪ್‌ಟಾಪ್‌ನಲ್ಲಿ ಬೆಳಗಿನವರೆಗೆ ಕೂತು ಮತ್ತೆ ಬರೆದೆ.

ಪಕ್ಕದ ರೂಮಿನ ಸೀನಿಯರ್ ‘ವಿಮ್ ಕಲಿ, ಅದು ರ‍್ಯಾಮ್ ಕೇಳಲ್ಲ’ ಎಂದರು. ಬಿಲ್ ಜಾಯ್ 1976ರಲ್ಲಿ ಬರೆದ ವಿಐ ಎಡಿಟರ್‌ನ ದಾರಿಯಲ್ಲೇ ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದದ್ದು ವಿಮ್. ಮೌಸ್ ಬೇಕಿಲ್ಲ. ‘ಡಿ’ ಎರಡು ಸಲ ಒತ್ತಿದರೆ ಇಡೀ ಸಾಲು ಅಳಿಯುತ್ತದೆ, ‘ಯು’ ಒತ್ತಿದರೆ ಮರಳಿ ಬರುತ್ತದೆ. ಮೊದಲ ದಿನ ಅದರಿಂದ ಹೊರಬರುವುದೇ ತಿಳಿಯದೆ ಪವರ್ ಬಟನ್ ಒತ್ತಿದ್ದೆ! ಎಸ್ಕೇಪ್, ಕೋಲನ್, ಕ್ಯೂ, ಎಂಟರ್: ಇಷ್ಟೇ ಎಂದು ಆಮೇಲೆ ಗೊತ್ತಾಯಿತು. ಒಂದು ತಿಂಗಳಲ್ಲಿ ಬೆರಳುಗಳೇ ಕಲಿತುಬಿಟ್ಟವು.

ಮುಂದಿನ ಸೆಮಿಸ್ಟರ್‌ನಲ್ಲಿ ಕರೆಂಟ್ ಹೋಯಿತು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಕೂಡಲೇ ಆಫ್. ಆಗಲೂ ನಾನು ಸೇವ್ ಮಾಡಿರಲಿಲ್ಲ. ಆದರೆ 200 ಅಕ್ಷರ ಟೈಪಿಸಿದಾಗಲೆಲ್ಲ, ಇಲ್ಲವೇ 4 ಸೆಕೆಂಡ್ ಕೈ ನಿಂತಾಗಲೆಲ್ಲ, ವಿಮ್ ತಾನಾಗಿ ಒಂದು ಸ್ವಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಕರೆಂಟ್ ಬಂದ ಮೇಲೆ ‘ರಿಕವರ್’ ಕೊಟ್ಟೆ. ಕೊನೆಯ ಸಾಲಿನವರೆಗೂ ಸಿಕ್ಕಿತು. ಅಂದಿನಿಂದ ವಿಮ್ ನನ್ನದಾಯಿತು.

ಕೆಲಸ ಹುಡುಕುವವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಮೌಸ್, ಐಕಾನ್ ಯಾವುದೂ ಇಲ್ಲದ ಲಿನಕ್ಸ್ ಸರ್ವರ್‌ನಲ್ಲೂ ಸಾಮಾನ್ಯವಾಗಿ ವಿಐ ಇದ್ದೇ ಇರುತ್ತದೆ.

ಹಾಗಂತ ಎಲ್ಲದಕ್ಕೂ ವಿಮ್ ಅಲ್ಲ. ಟರ್ಮಿನಲ್‌ನಲ್ಲಿ ಪ್ರತಿ ಅಕ್ಷರಕ್ಕೂ ಅಳೆದಿಟ್ಟ ಚೌಕ. ನಮ್ಮ ಒತ್ತಕ್ಷರಕ್ಕೆ ಅಲ್ಲಿ ಜಾಗ ಸಾಲದು. ನನ್ನ ಟರ್ಮಿನಲ್‌ನಲ್ಲಿ ‘ಅಮ್ಮ’ ಎಂದು ಬರೆದರೆ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಜಾರುತ್ತದೆ. ಅದಕ್ಕೇ ಕನ್ನಡ ಬರೆಯಲು ಜಿಎಡಿಟ್. ಈ ಲೇಖನ ಟೈಪಿಸಿದ್ದೂ ಅದರಲ್ಲೇ.

ಸಾದಾ ಟೆಕ್ಸ್ಟ್‌ನ ಚೆಂದ ಏನು ಗೊತ್ತಾ? ತನ್ನನ್ನು ಯಾವ ಎಡಿಟರ್‌ನಲ್ಲಿ, ಎಷ್ಟು ರೂಪಾಯಿಯ ಲ್ಯಾಪ್‌ಟಾಪ್‌ನಲ್ಲಿ ಬರೆದರೆಂದು ಫೈಲ್ ಯಾರಿಗೂ ಹೇಳುವುದಿಲ್ಲ. ಲ್ಯಾಬ್‌ನಲ್ಲಿ ಮೇಡಂ ನೋಡುವುದು ಕೋಡ್ ಓಡುತ್ತದೋ ಇಲ್ಲವೋ ಎಂದಷ್ಟೇ. ನನ್ನದು ಓಡುತ್ತಿದೆ. ಅಪ್ಪನಿಗೆ ಈಗ ಫೋನ್ ಮಾಡುವುದು ಬರೀ ಮಾತಾಡಲು.