ಮಂದ್ರನಾದಕ್ಕೊಂದು ಮನೆ

ಏಪ್ರಿಲ್ 17ರ ರಾತ್ರಿ, ಪುತ್ತೂರು ಮಹಾಲಿಂಗೇಶ್ವರ ದೇವರ ಬ್ರಹ್ಮರಥೋತ್ಸವದ ವೇಳೆ, ‘ಪುತ್ತೂರು ಬೆಡಿ’ಯೆಂದು ಪ್ರಸಿದ್ಧವಾದ ಸುಡುಮದ್ದಿನ ಪ್ರದರ್ಶನವನ್ನು ದೇವರಮಾರು ಗದ್ದೆಯಲ್ಲಿ ನಿಂತು ಕಂಡವರೆಲ್ಲರೂ ಬಲ್ಲರು, ಗಂಭೀರವಾದ ಶಬ್ದವು ಕಿವಿಗೆ ಕೇಳುವಷ್ಟೇ ಎದೆಗೂ ತಾಗುವುದೆಂಬುದನ್ನು. ಅಂತಹ ಮಂದ್ರಕಂಪನಗಳನ್ನು ಮನೆಯ ಸಂಗೀತದ ಕೋಣೆಯಲ್ಲಿ ಹುಟ್ಟಿಸುವ ಸಾಧನವೇ ಸಬ್‌ವೂಫರ್. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ತೋಟದ ಮನೆಗಳಲ್ಲಿ ಯಕ್ಷಗಾನದ ಧ್ವನಿಮುದ್ರಣವನ್ನೂ ಶಾಸ್ತ್ರೀಯ ಸಂಗೀತವನ್ನೂ ಚಿತ್ರಗೀತೆಯನ್ನೂ ಸಮಾನ ಪ್ರೀತಿಯಿಂದ ಕೇಳುವ ರಸಿಕರು, ಇರುವ ಸಬ್‌ವೂಫರನ್ನು ಬಿಟ್ಟು ಅದಕ್ಕಿಂತ ಉತ್ತಮವಾದುದನ್ನು ತರಲು ಮನಸ್ಸುಮಾಡಿದಾಗ ಮೊದಲು ಅರಿಯಬೇಕಾದುದು ಅಂಗಡಿಯ ಬೆಲೆಯನ್ನಲ್ಲ, ತಮ್ಮ ಕೋಣೆಯ ಸ್ವಭಾವವನ್ನು.

ಮನುಷ್ಯನ ಕಿವಿಯು ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಕಂಪನಗಳನ್ನು ಗ್ರಹಿಸಬಲ್ಲದು. ಅದರ ಅತ್ಯಂತ ತಳದ ಭಾಗ, ಎಂದರೆ 80 ಅಥವಾ 100 ಹರ್ಟ್ಸ್‌ಗಿಂತ ಕೆಳಗಿನದು, ಸಬ್‌ವೂಫರಿನ ಕ್ಷೇತ್ರ. ಭಾಗವತರ ಕಂಠವಾಗಲಿ ಚೆಂಡೆಯ ತೀಕ್ಷ್ಣವಾದ ಪೆಟ್ಟಾಗಲಿ ಬಹುಮಟ್ಟಿಗೆ ಇದಕ್ಕಿಂತ ಮೇಲೆಯೇ ಉಳಿಯುತ್ತವೆ; ಮದ್ದಳೆಯ ಎಡಮುಖದ ನಾದ, ತಬಲದ ಡಗ್ಗಾ ಮೊದಲಾದವು ಇದರ ಸಮೀಪಕ್ಕೆ ಇಳಿದರೆ, ಚಿತ್ರಗೀತೆಯ ಬಾಸ್ ಗಿಟಾರಿನ ಅತಿ ದಪ್ಪ ತಂತಿಯು 41 ಹರ್ಟ್ಸ್‌ವರೆಗೂ ಹೋಗುತ್ತದೆ. ಆದಕಾರಣ ತಾಳಮದ್ದಳೆಯನ್ನೇ ಹೆಚ್ಚಾಗಿ ಕೇಳುವವರಿಗೆ ಪಾತಾಳದವರೆಗೆ ಇಳಿಯುವ ಸಾಧನಕ್ಕಿಂತ, ಪೆಟ್ಟು ಮುಗಿದೊಡನೆ ತಾನೂ ಮೌನವಾಗುವ ಶುದ್ಧ ಸಾಧನವೇ ಶ್ರೇಯಸ್ಕರ.

ಇನ್ನು ಕೋಣೆಯ ವಿಚಾರ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಚಲಿಸುವುದರಿಂದ 34 ಹರ್ಟ್ಸ್‌ನ ಒಂದು ತರಂಗದ ಉದ್ದ ಸುಮಾರು 10 ಮೀಟರ್. 5 ಮೀಟರ್ ಉದ್ದದ ಕೋಣೆಯಲ್ಲಿ ಅದರ ಅರ್ಧಭಾಗವು ಎದುರುಬದುರು ಗೋಡೆಗಳ ನಡುವೆ ಸರಿಯಾಗಿ ಹಿಡಿಸಿ, ಹಿಂದಿರುಗಿದ ತರಂಗದೊಡನೆ ಕೂಡಿ, ಗೋಡೆಯ ಬಳಿ ಅಬ್ಬರಿಸುತ್ತದೆ, ನಡುಮಧ್ಯದಲ್ಲಿ ಬಹುತೇಕ ಅಡಗುತ್ತದೆ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯಿಂದ ಮೊದಲ್ಗೊಂಡು ನಮ್ಮ ಕರಾವಳಿಯ ಮಾಡುಗಳನ್ನೆಲ್ಲ ವ್ಯಾಪಿಸಿದ ಹಂಚು, ಮುಚ್ಚಿಗೆಯಿಲ್ಲದ ಮನೆಗಳಲ್ಲಿ ತನ್ನ ಸಂದುಗಳಿಂದ ಮಂದ್ರಶಬ್ದವನ್ನು ಹೊರಗೆ ಹೋಗಗೊಡುತ್ತದೆ. ಹಂಚಿಗೆ ಬದಲಾಗಿ ತಾರಸಿ ಬಂದು, ನೆಲಕ್ಕೆ ಟೈಲ್ಸ್ ಹಾಸಿದ ಮೇಲಾದರೋ ಆ ಶಬ್ದಕ್ಕೆ ಹೊರದಾರಿ ತೀರ ಕಿರಿದಾಗಿ, ಅದು ಒಳಗೇ ತಿರುತಿರುಗಿ ಗುಂಯ್‌ಗುಡುತ್ತದೆ. ಹಳೆಯ ಮನೆಯಲ್ಲಿ ನಿಶ್ಶಕ್ತವೆನಿಸಿದ ಸಬ್‌ವೂಫರೇ ಹೊಸ ಮನೆಯಲ್ಲಿ ಅತಿಯಾಗಬಹುದು. ದೋಷ ಎರಡು ಕಡೆಯೂ ಯಂತ್ರದ್ದಲ್ಲ.

ಆದುದರಿಂದ ಖರ್ಚಿಲ್ಲದ ಸುಧಾರಣೆಯೇ ಪ್ರಥಮ ಕರ್ತವ್ಯ. ತಾವು ಕುಳಿತು ಕೇಳುವ ಸ್ಥಳದಲ್ಲಿ ಸಬ್‌ವೂಫರನ್ನಿಟ್ಟು, ಬಾಸ್ ಸ್ವರಗಳು ಒಂದೊಂದಾಗಿ ಏರಿಳಿಯುವ ಸಂಗೀತವನ್ನು ಹಾಕಿ, ಗೋಡೆಯುದ್ದಕ್ಕೂ ಬಗ್ಗಿ ನಡೆಯುತ್ತ ಕಿವಿಗೊಟ್ಟರೆ, ಎಲ್ಲ ಸ್ವರಗಳೂ ಸಮನಾಗಿ ಕೇಳುವ ಒಂದು ಜಾಗ ದೊರೆಯುತ್ತದೆ. ಸಬ್‌ವೂಫರಿಗೆ ಅದೇ ಯೋಗ್ಯಸ್ಥಾನ. ಮೂಲೆಯಲ್ಲಿಟ್ಟರೆ ಶಬ್ದ ಹೆಚ್ಚುವುದು ನಿಜ, ಆದರೆ ಅಬ್ಬರವೂ ಹೆಚ್ಚುತ್ತದೆ. ಮುಖ್ಯ ಸ್ಪೀಕರುಗಳಿಂದ ಮಂದ್ರವನ್ನು ಬೇರ್ಪಡಿಸುವ ಕ್ರಾಸ್‌ಓವರನ್ನು 80 ಹರ್ಟ್ಸ್‌ನ ಆಸುಪಾಸಿನಲ್ಲಿರಿಸಿ, ಫೇಸ್ ಸ್ವಿಚ್ಚನ್ನು ಎರಡೂ ಕಡೆಗೆ ಹಾಕಿ ನೋಡಿ, ತುಂಬಿ ಕೇಳುವ ಕಡೆಯಲ್ಲಿ ಬಿಡತಕ್ಕದ್ದು.

ಇಷ್ಟಾದ ಮೇಲೂ ಕೊರತೆ ಉಳಿದರೆ ಹೊಸದನ್ನು ಕೊಳ್ಳುವುದು ನ್ಯಾಯವೇ. ಒಂದು ಸ್ಥಾಯಿ ಕೆಳಗಿಳಿದು ಅಷ್ಟೇ ಗಟ್ಟಿಯಾಗಿ ನುಡಿಯಲು ನಾಲ್ಕು ಪಟ್ಟು ಗಾಳಿಯನ್ನು ದೂಡಬೇಕಾಗುವುದರಿಂದ, ಇಲ್ಲಿ ವ್ಯಾಟ್ ಸಂಖ್ಯೆಗಿಂತ ಆ ಗಾಳಿಯನ್ನು ದೂಡುವ ಕೋನಿನ ಗಾತ್ರ ಮುಖ್ಯ: ವ್ಯಾಟ್ ಇಮ್ಮಡಿಯಾದರೆ ಹೆಚ್ಚುವುದು 3 ಡೆಸಿಬಲ್ ಮಾತ್ರ, 8 ಇಂಚಿನಿಂದ 12 ಇಂಚಿಗೆ ಹೋದರೆ ಕೋನಿನ ವಿಸ್ತೀರ್ಣ ಎರಡೂಕಾಲು ಪಟ್ಟಾಗುತ್ತದೆ. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬ ಅಮೆರಿಕನ್ನರು ಎಆರ್-1 ಸ್ಪೀಕರಿನಲ್ಲಿ ತೋರಿಸಿದ ಮುಚ್ಚಿದ ಪೆಟ್ಟಿಗೆಯ ಮಾರ್ಗವು ತಾರಸಿಯ ಸಣ್ಣ ಕೋಣೆಗೆ ಒಪ್ಪುತ್ತದೆ. ರಂಧ್ರವುಳ್ಳ ಪೆಟ್ಟಿಗೆಯು ಹೆಚ್ಚು ಗಟ್ಟಿಯಾಗಿ ನುಡಿಯುವುದರಿಂದ ಹಂಚಿನ ಮನೆಯ ವಿಶಾಲ ಚಾವಡಿಗೆ ಅನುಕೂಲ. ಮಹಾಗಾತ್ರದ ಒಂದಕ್ಕಿಂತ ಮಧ್ಯಮಗಾತ್ರದ ಎರಡನ್ನು ಎದುರುಬದುರು ಗೋಡೆಗಳ ಮಧ್ಯಭಾಗದಲ್ಲಿಟ್ಟರೆ ಕೋಣೆಯ ಏರುಪೇರು ಬಹಳಷ್ಟು ತಗ್ಗುವುದೆಂದು ಟಾಡ್ ವೆಲ್ಟಿ 2002ರಲ್ಲಿ ಪ್ರಕಟಿಸಿದ ಸಂಶೋಧನೆ ತಿಳಿಸುತ್ತದೆ. ಹಲವರು ಕೂಡಿ ಕುಳಿತು ಕೇಳುವ ಮನೆಗೆ ಇದೇ ಉತ್ತಮ.

ಘಟ್ಟದ ತಪ್ಪಲಿನ ಮಳೆಗಾಲವನ್ನೂ ಗಣಿಸದೆ ಉಪಾಯವಿಲ್ಲ. ಕೋನಿನ ಅಂಚಿಗೆ ಫೋಮಿಗಿಂತ ರಬ್ಬರು ಬಾಳಿಕೆಯದು. ಎಂಡಿಎಫ್ ಪೆಟ್ಟಿಗೆಯು ನೀರು ತಾಗಿದರೆ ಉಬ್ಬುವುದಾದ್ದರಿಂದ ಒಳ್ಳೆಯ ಪ್ಲೈವುಡ್ ವಾಸಿ. ಥಂಡಿ ಹಿಡಿಯುವ ಗೋಡೆಯಿಂದ ತುಸು ದೂರವಿಟ್ಟು, ಆಟಿ ತಿಂಗಳ ಮಳೆಯಲ್ಲಿಯೂ ಆಗಾಗ ನುಡಿಸುತ್ತಿದ್ದರೆ ಆಂಪ್ಲಿಫಯರಿನ ಬಿಸಿಯೇ ತೇವವನ್ನು ಆರಿಸುತ್ತದೆ. ಸಿಡಿಲಿನ ದಿನಗಳಲ್ಲಿ ಸ್ವಿಚ್ಚನ್ನು ಆರಿಸಿದರೆ ಸಾಲದು, ಪ್ಲಗ್ಗನ್ನೂ ಸಿಗ್ನಲ್ ಕೇಬಲನ್ನೂ ಕಿತ್ತಿಡತಕ್ಕದ್ದು.

ಮಂದ್ರನಾದವು ಗೋಡೆಗಳನ್ನು ದಾಟುವಷ್ಟು ಸುಲಭವಾಗಿ ಬೇರೆ ನಾದ ದಾಟದು. ಆದುದರಿಂದ ಪೇಟೆಯ ಮನೆಯವರಿಗೆ ನೆರೆಯವರ ನಿದ್ರೆಯ ಹೊಣೆಯೂ ಉಂಟು. ಹಿತಮಿತವಾಗಿ ಹೊಂದಿಸಿದ ಸಬ್‌ವೂಫರು ತಾನಿರುವೆನೆಂದು ಸಾರುವುದಿಲ್ಲ. ಅದನ್ನು ಆರಿಸಿದಾಗ ಮಾತ್ರ ಮದ್ದಳೆ ಬಡವಾದುದು ತಿಳಿಯುತ್ತದೆ. ಹೊಸದನ್ನು ಪರೀಕ್ಷಿಸಲು ಹೋಗುವವರು ತಮಗೆ ಚಿರಪರಿಚಿತವಾದ ಪದ್ಯವೊಂದನ್ನು ಜತೆಗೆ ಒಯ್ದು, ಈ ಒಂದೇ ಗುರುತನ್ನು ಹಿಡಿದು ಆಯ್ದುಕೊಳ್ಳಲಿ.